ರಕ್ತದೊತ್ತಡ ಮತ್ತು ಡಿಮೆನ್ಶಿಯಾ: ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳ ಸಂದರ್ಭದಲ್ಲಿ

ನಡುವಯಸ್ಸಿನಲ್ಲಿ ಹತೋಟಿಯಿಲ್ಲದೆ ಬಹುಕಾಲ ಉಳಿದ ಅಧಿಕ ರಕ್ತದೊತ್ತಡವು ಮಿದುಳಿನ ರಕ್ತನಾಳಗಳನ್ನು ಕೆಡಿಸಿ, ಹತ್ತಿಪ್ಪತ್ತು ವರ್ಷಗಳ ಬಳಿಕ ನೆನಪು, ವಿವೇಚನೆ ಮತ್ತು ದಿನಚರಿಯ ಸಾಮರ್ಥ್ಯ ಕುಂದುವ ಸಂಭವವನ್ನು ಹೆಚ್ಚಿಸುತ್ತದೆ. ಈ ಕಾರಣ–ಪರಿಣಾಮದ ಕೊಂಡಿಯೇ ರಕ್ತದೊತ್ತಡ–ಡಿಮೆನ್ಶಿಯಾ ಸಂಬಂಧ. ಇಲ್ಲಿ ಅದನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ವಿವರಿಸಲಾಗಿದೆ. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಗೆ ಸೇರಿದ ಈ ಐದೂ ತಾಲ್ಲೂಕುಗಳು ಬಹುಮಟ್ಟಿಗೆ ಮಳೆಯಾಶ್ರಿತ ಬೇಸಾಯದ, ಚದುರಿದ ಹಳ್ಳಿ–ತಾಂಡಾಗಳ ಪ್ರದೇಶ. ಮಾನಸಿಕ ಕಾಯಿಲೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲೇ ಗುರುತಿಸಿ ಉಪಚರಿಸಬಹುದೆಂದು ದೇಶಕ್ಕೆ ತೋರಿಸಿದ ಪ್ರಯೋಗ ನಡೆದದ್ದು ಈ ತಾಲ್ಲೂಕುಗಳನ್ನು ಒಳಗೊಂಡಿದ್ದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ. ಡಿಮೆನ್ಶಿಯಾವನ್ನು ಮುಂದೂಡುವ ಕೆಲಸಕ್ಕೂ ಅದೇ ದಾರಿ ಸಲ್ಲುತ್ತದೆ ಎಂಬುದಕ್ಕೆ ಈಗ ಪುರಾವೆ ದೊರೆತಿದೆ.

ಪರಿಭಾಷೆ

ರಕ್ತದೊತ್ತಡವನ್ನು ಎರಡು ಅಂಕಿಗಳಲ್ಲಿ ಹೇಳುತ್ತಾರೆ. ಹೃದಯ ಸಂಕುಚಿಸಿ ರಕ್ತವನ್ನು ದೂಡಿದಾಗಿನ ಒತ್ತಡ ಸಿಸ್ಟಾಲಿಕ್, ಅಂದರೆ ಮೇಲಿನ ಅಂಕಿ. ಹೃದಯ ಸಡಿಲಗೊಂಡಾಗಿನದು ಡಯಾಸ್ಟಾಲಿಕ್, ಕೆಳಗಿನ ಅಂಕಿ. ಅಳತೆಯ ಮಾನ ಮಿಲಿಮೀಟರ್ ಪಾದರಸ. ಭಾರತದ ಸರ್ಕಾರಿ ಚಿಕಿತ್ಸಾ ಕ್ರಮದಲ್ಲಿ ಬೇರೆ ಬೇರೆ ಸಲ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಧಿಕ ರಕ್ತದೊತ್ತಡ ಎಂದು ಪರಿಗಣಿಸಲಾಗುತ್ತದೆ. ಅಮೆರಿಕದ ಹೃದ್ರೋಗ ಸಂಘಗಳು 2017ರಲ್ಲಿ ಈ ಗೆರೆಯನ್ನು 130/80ಕ್ಕೆ ಇಳಿಸಿದವು. ಡಿಮೆನ್ಶಿಯಾ ಒಂದೇ ಒಂದು ರೋಗದ ಹೆಸರಲ್ಲ. ನೆನಪು, ಮಾತು, ಲೆಕ್ಕಾಚಾರ, ದಾರಿ ಗುರುತಿಸುವಿಕೆ, ನಿರ್ಧಾರ ಕೈಗೊಳ್ಳುವಿಕೆ ಮೊದಲಾದವುಗಳಲ್ಲಿ ಒಂದಕ್ಕಿಂತ ಹೆಚ್ಚು ಶಕ್ತಿಗಳು ಮೊದಲಿದ್ದ ಮಟ್ಟದಿಂದ ಕುಸಿದು, ಸ್ವತಂತ್ರವಾಗಿ ಬಾಳುವುದಕ್ಕೆ ಅಡ್ಡಿಯಾಗುವ ಲಕ್ಷಣಗಳ ಕೂಟ. ಕುಸಿತ ಕಂಡರೂ ದಿನಚರಿ ಕೆಡದಿರುವ ಹಂತವನ್ನು ಸೌಮ್ಯ ಅರಿವಿನ ಕೊರತೆ ಎಂದು ಪ್ರತ್ಯೇಕಿಸುತ್ತಾರೆ. ಜನರ ಮಾತಿನಲ್ಲಿ ಇವೆರಡೂ ಅರಳುಮರಳು ಎಂದೇ ಸಲ್ಲುತ್ತವೆ, ಅದು ಮುಪ್ಪಿನ ಸಹಜ ಗತಿ ಎಂದೇ ಎಣಿಕೆ. ಆದರೆ ಎಂಬತ್ತು ದಾಟಿದವರಲ್ಲಿಯೂ ಹೆಚ್ಚಿನವರಿಗೆ ಡಿಮೆನ್ಶಿಯಾ ಇರುವುದಿಲ್ಲ. ವಯಸ್ಸು ಅದರ ಅತಿ ದೊಡ್ಡ ಅಪಾಯಾಂಶ ನಿಜ. ವಯಸ್ಸೇ ಅದರ ಕಾರಣ ಎನ್ನುವುದು ತಪ್ಪು.

ಅರಿವು ಬೆಳೆದ ಬಗೆ

ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ಅಳೆಯುವ ಸಾಧನವನ್ನು ಇಟಲಿಯ ರಿವಾ–ರೊಚ್ಚಿ 1896ರಲ್ಲಿ ರೂಪಿಸಿದ. ಸ್ಟೆತಾಸ್ಕೋಪಿನಿಂದ ನಾಡಿಯ ಸದ್ದು ಆಲಿಸಿ ಎರಡೂ ಅಂಕಿಗಳನ್ನು ಗುರುತಿಸುವ ವಿಧಾನವನ್ನು ರಷ್ಯಾದ ಕೊರೊಟ್ಕಾಫ್ 1905ರಲ್ಲಿ ವರದಿ ಮಾಡಿದ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಜರ್ಮನಿಯಲ್ಲಿ ಬಿನ್ಸ್‌ವಾಂಗರ್ 1894ರಲ್ಲಿ ಮಿದುಳಿನ ಒಳಭಾಗದ ಬಿಳಿ ದ್ರವ್ಯ ಸವೆದು ಬುದ್ಧಿ ಮಂಕಾದ ರೋಗಿಗಳನ್ನು ವರ್ಣಿಸಿದ್ದ. 1906ರಲ್ಲಿ ಆಲ್ಜೈಮರ್ ತನ್ನ ಹೆಸರಿನಿಂದ ಮುಂದೆ ಪ್ರಸಿದ್ಧವಾದ ರೋಗದ ಮೊದಲ ಪ್ರಕರಣವನ್ನು ಮಂಡಿಸಿದ. ಆಮೇಲಿನ ಅರ್ಧ ಶತಮಾನ ವೈದ್ಯರು ಮುಪ್ಪಿನ ಮರೆವನ್ನೆಲ್ಲ ರಕ್ತನಾಳ ಗಡುಸಾಗುವುದರ ಫಲವೆಂದು ತಿಳಿದಿದ್ದರು. 1970ರ ದಶಕದಲ್ಲಿ ಆಲ್ಜೈಮರ್ ರೋಗವೇ ಹೆಚ್ಚು ಸಾಮಾನ್ಯವೆಂದು ಗೊತ್ತಾದಾಗ ವಿಚಾರ ಇನ್ನೊಂದು ತುದಿಗೆ ಸರಿಯಿತು. ರಕ್ತನಾಳದ ಪಾತ್ರ ಪಾರ್ಶ್ವವಾಯುಗಳ ಸರಣಿಯಿಂದಾಗುವ ಡಿಮೆನ್ಶಿಯಾಕ್ಕಷ್ಟೇ ಸೀಮಿತವಾಯಿತು. ಇಂದಿನ ನಿಲುವು ಈ ಎರಡಕ್ಕೂ ನಡುವಿನದು.

ಚಿಕಿತ್ಸೆಯ ಇತಿಹಾಸದಲ್ಲಿ ಭಾರತಕ್ಕೆ ಒಂದು ಮುಖ್ಯ ಸ್ಥಾನವಿದೆ. ಸರ್ಪಗಂಧದ ಬೇರಿನಿಂದ ರಕ್ತದೊತ್ತಡ ಇಳಿಯುತ್ತದೆ ಎಂಬುದನ್ನು ಮುಂಬೈಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯೊಂದರಲ್ಲಿ ಪ್ರಕಟಿಸಿ ಪಾಶ್ಚಾತ್ಯ ವೈದ್ಯಲೋಕದ ಗಮನಕ್ಕೆ ತಂದರು. ದಿನಕ್ಕೊಂದು ಗುಳಿಗೆ ನುಂಗಿ ಒತ್ತಡವನ್ನು ವರ್ಷಗಟ್ಟಲೆ ಹತೋಟಿಯಲ್ಲಿಡುವುದು ಸಾಧ್ಯವಾದ ಮೇಲೆಯೇ, ಹತೋಟಿಯಲ್ಲಿಟ್ಟವರ ಮತ್ತು ಇಡದವರ ಮುಪ್ಪನ್ನು ಹೋಲಿಸಿ ನೋಡುವುದಕ್ಕೆ ಅವಕಾಶವಾಯಿತು.

ಒತ್ತಡ ಮಿದುಳನ್ನು ಕೆಡಿಸುವ ಬಗೆ

ದೇಹತೂಕದ ಸುಮಾರು ನೂರಕ್ಕೆ 2ರಷ್ಟಿರುವ ಮಿದುಳು, ದೇಹ ಬಳಸುವ ಆಮ್ಲಜನಕದ ಐದನೇ ಒಂದು ಪಾಲನ್ನು ತಾನೇ ಬಳಸುತ್ತದೆ. ಅದರ ಆಳದ ಭಾಗಗಳಿಗೆ ರಕ್ತ ತಲುಪಿಸುವ ಸಣ್ಣ ನಾಳಗಳು ದೊಡ್ಡ ನಾಳಗಳಿಂದ ನೇರವಾಗಿ ಕವಲೊಡೆಯುತ್ತವೆ. ನಡುವೆ ಒತ್ತಡವನ್ನು ತಗ್ಗಿಸುವ ಹಂತಗಳು ಕಡಿಮೆ. ಹಾಗಾಗಿ ಏರಿದ ಒತ್ತಡದ ಪೆಟ್ಟು ಅವುಗಳ ಮೇಲೆ ಜೋರಾಗಿ ಬೀಳುತ್ತದೆ. ವರ್ಷಗಳು ಕಳೆದಂತೆ ನಾಳದ ಗೋಡೆ ದಪ್ಪಗಾಗಿ, ಗಡುಸಾಗಿ, ಒಳದಾರಿ ಕಿರಿದಾಗುತ್ತದೆ. ಕಾಲುವೆಯ ಕೊನೆಯ ಹೊಲಕ್ಕೆ ನೀರಿನ ಕೊರತೆ ಮೊದಲು ತಟ್ಟುವಂತೆ, ನಾಳಗಳ ತುದಿಯಲ್ಲಿರುವ ಬಿಳಿ ದ್ರವ್ಯಕ್ಕೆ ರಕ್ತದ ಕೊರತೆ ಮೊದಲು ತಟ್ಟುತ್ತದೆ. ಎಂ.ಆರ್.ಐ. ಚಿತ್ರದಲ್ಲಿ ಇದು ಬಿಳಿ ಮಚ್ಚೆಗಳಾಗಿ, ಕಾಳಿನಷ್ಟು ಸಣ್ಣ ಕುಳಿಗಳಾಗಿ, ಕೆಲವೊಮ್ಮೆ ಸೂಕ್ಷ್ಮ ರಕ್ತಸ್ರಾವದ ಚುಕ್ಕೆಗಳಾಗಿ ಕಾಣುತ್ತದೆ. ಇವುಗಳಲ್ಲಿ ಹೆಚ್ಚಿನವು ಕೈಕಾಲು ಬೀಳಿಸುವುದಿಲ್ಲ, ಮಾತು ತೊದಲಿಸುವುದಿಲ್ಲ. ರೋಗಿಗೂ ಮನೆಯವರಿಗೂ ತಿಳಿಯದಂತೆ ಆಗಿಹೋಗಿರುತ್ತವೆ. ಆದರೆ ಬಿಳಿ ದ್ರವ್ಯವು ಮಿದುಳಿನ ಭಾಗಗಳನ್ನು ಒಂದಕ್ಕೊಂದು ಜೋಡಿಸುವ ತಂತುಗಳ ರಾಶಿಯಾದ್ದರಿಂದ, ಹಾನಿ ಕೂಡುತ್ತ ಹೋದಂತೆ ಯೋಚನೆ ನಿಧಾನವಾಗುತ್ತದೆ, ಯೋಜಿಸಿ ಮಾಡುವ ಕೆಲಸ ತಪ್ಪುತ್ತದೆ, ನಡಿಗೆ ಚಿಕ್ಕ ಹೆಜ್ಜೆಗಳದಾಗುತ್ತದೆ.

ಆರೋಗ್ಯವಂತ ಮಿದುಳು ದೇಹದ ಒತ್ತಡ ಏರಿಳಿದರೂ ತನಗೆ ಬೇಕಾದಷ್ಟೇ ರಕ್ತವನ್ನು ಬಿಟ್ಟುಕೊಳ್ಳುತ್ತದೆ. ಬಹುಕಾಲದ ಅಧಿಕ ರಕ್ತದೊತ್ತಡ ಈ ಸ್ವನಿಯಂತ್ರಣದ ವ್ಯಾಪ್ತಿಯನ್ನೇ ಮೇಲಕ್ಕೆ ಸರಿಸಿಬಿಡುತ್ತದೆ. ಹಾಗಾದ ಮಿದುಳಿಗೆ ಒತ್ತಡ ತೀರ ಹೆಚ್ಚಾದರೂ ತೊಂದರೆ, ತಟಕ್ಕನೆ ಇಳಿದರೂ ತೊಂದರೆ. ಮುಪ್ಪಿನಲ್ಲಿ ಚಿಕಿತ್ಸೆಯನ್ನು ನಿಧಾನವಾಗಿ ಏರಿಸಬೇಕೆಂಬ ನಿಯಮದ ಹಿಂದೆ ಈ ಕಾರಣವೂ ಇದೆ. ಆಲ್ಜೈಮರ್ ರೋಗದ ಜೊತೆಗಿನ ನಂಟು ಇಷ್ಟು ನೇರವಲ್ಲ. ಆ ರೋಗದಲ್ಲಿ ಶೇಖರವಾಗುವ ಅಮಿಲಾಯ್ಡ್ ಪ್ರೋಟೀನು ಹೊರಹೋಗುವ ದಾರಿಗಳಲ್ಲೊಂದು ರಕ್ತನಾಳಗಳ ಗೋಡೆಯನ್ನು ಅನುಸರಿಸಿದೆ. ಗೋಡೆ ಗಡುಸಾದರೆ ವಿಸರ್ಜನೆ ಕುಂಠಿತವಾಗುತ್ತದೆ ಎಂಬ ವಿವರಣೆಗೆ ಪ್ರಾಣಿಪ್ರಯೋಗಗಳ ಬೆಂಬಲವಿದೆ. ಅದಕ್ಕಿಂತ ಗಟ್ಟಿಯಾದ ಮಾತು ಮರಣೋತ್ತರ ಪರೀಕ್ಷೆಗಳಿಂದ ಬಂದಿದೆ: ಡಿಮೆನ್ಶಿಯಾ ಇದ್ದ ವೃದ್ಧರ ಮಿದುಳಿನಲ್ಲಿ ಆಲ್ಜೈಮರ್ ಲಕ್ಷಣ ಮತ್ತು ರಕ್ತನಾಳದ ಹಾನಿ ಒಟ್ಟೊಟ್ಟಿಗೆ ಇರುವುದೇ ಹೆಚ್ಚು. ಒಂದೇ ಇದ್ದಿದ್ದರೆ ತಡೆದುಕೊಳ್ಳಬಹುದಾಗಿದ್ದ ಮಿದುಳು ಎರಡೂ ಸೇರಿದಾಗ ಸೋಲುತ್ತದೆ.

ಬಗೆಗಳು

ಒತ್ತಡಕ್ಕೆ ನೇರವಾಗಿ ಸಂಬಂಧಿಸಿದ್ದು ರಕ್ತನಾಳೀಯ ಡಿಮೆನ್ಶಿಯಾ. ಇದರಲ್ಲಿ ಪಾರ್ಶ್ವವಾಯುವಿನ ನಂತರದ್ದು ಒಂದು. ಲಕ್ವ ಹೊಡೆದವರಲ್ಲಿ, ಮೊದಲ ಹೊಡೆತದ ನಂತರ ಸುಮಾರು ಹತ್ತರಲ್ಲಿ ಒಬ್ಬರಿಗೆ ಹೊಸದಾಗಿ ಡಿಮೆನ್ಶಿಯಾ ಕಾಣಿಸಿಕೊಳ್ಳುತ್ತದೆ. ಹೊಡೆತ ಮರುಕಳಿಸಿದವರಲ್ಲಿ ಈ ಪ್ರಮಾಣ ಮೂರರಲ್ಲಿ ಒಬ್ಬರನ್ನು ಮೀರುತ್ತದೆ. ಪಾರ್ಶ್ವವಾಯುವಿಗೆ ಜಗತ್ತಿನಾದ್ಯಂತ ಅತಿ ದೊಡ್ಡ ಅಪಾಯಾಂಶ ಅಧಿಕ ರಕ್ತದೊತ್ತಡವೇ. ಎರಡನೆಯದು, ಮೇಲೆ ವಿವರಿಸಿದ ಸಣ್ಣ ನಾಳಗಳ ಕಾಯಿಲೆಯಿಂದ ಸದ್ದಿಲ್ಲದೆ ಬೆಳೆಯುವ ಬಗೆ. ಆಲ್ಜೈಮರ್ ಮತ್ತು ರಕ್ತನಾಳದ ಹಾನಿ ಕೂಡಿದ ಮಿಶ್ರ ಡಿಮೆನ್ಶಿಯಾ ಮೂರನೆಯದು. ಹಳ್ಳಿಯ ಮಟ್ಟದಲ್ಲಿ ಈ ವಿಂಗಡಣೆ ಮಾಡುವುದಕ್ಕೆ ಸ್ಕ್ಯಾನಿಂಗ್ ಬೇಕಾಗುತ್ತದೆ. ಒತ್ತಡವನ್ನು ಹತೋಟಿಗೆ ತರುವುದಕ್ಕೆ ವಿಂಗಡಣೆ ಬೇಕಾಗಿಲ್ಲ.

ಪುರಾವೆ

ಅವಲೋಕನಾ ಅಧ್ಯಯನಗಳಲ್ಲಿ ಮುಖ್ಯವಾದುದು ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ್ದು. 1996ರಲ್ಲಿ ಪ್ರಕಟವಾದ ಅದರಲ್ಲಿ, 79ರಿಂದ 85ರ ವಯಸ್ಸಿನ ನಡುವೆ ಡಿಮೆನ್ಶಿಯಾಕ್ಕೆ ಒಳಗಾದವರ ಮೇಲಿನ ಅಂಕಿ ಅವರಿಗೆ 70 ವರ್ಷವಾಗಿದ್ದಾಗ ಸರಾಸರಿ 178 ಇತ್ತು, ಒಳಗಾಗದವರದು 164. ರೋಗ ಹತ್ತಿರ ಬಂದಂತೆ ಮೊದಲ ಗುಂಪಿನವರ ಒತ್ತಡ ತಾನಾಗಿ ಇಳಿಯುತ್ತ ಹೋದದ್ದೂ ಅದರಲ್ಲಿ ದಾಖಲಾಯಿತು. ಬ್ರಿಟನ್ನಿನ ವೈಟ್‌ಹಾಲ್ ಅಧ್ಯಯನದ 2018ರ ವರದಿಯಂತೆ, 50ನೇ ವಯಸ್ಸಿನಲ್ಲಿ ಮೇಲಿನ ಅಂಕಿ 130 ಅಥವಾ ಹೆಚ್ಚಿದ್ದವರಿಗೆ ಮುಂದೆ ಡಿಮೆನ್ಶಿಯಾ ಬರುವ ಅಪಾಯ ನೂರಕ್ಕೆ 38ರಷ್ಟು ಅಧಿಕ; ಅದೇ ಅಂಕಿ 60ರಲ್ಲೋ 70ರಲ್ಲೋ ಇದ್ದರೆ ಅಂಥ ಸಂಬಂಧ ಕಾಣಲಿಲ್ಲ. ಯಾವ ವಯಸ್ಸಿನ ಒತ್ತಡ ಎಂಬುದು ಎಷ್ಟು ಒತ್ತಡ ಎಂಬುದರಷ್ಟೇ ಮುಖ್ಯವೆಂದು ಈ ಎರಡೂ ಅಧ್ಯಯನಗಳು ಸೇರಿ ತೋರಿಸುತ್ತವೆ. ಇಲ್ಲಿಯೇ ಮೊದಲ ಆಕ್ಷೇಪಣೆಗೂ ಉತ್ತರವಿದೆ. ಡಿಮೆನ್ಶಿಯಾ ಇರುವ ವೃದ್ಧರನ್ನು ಪರೀಕ್ಷಿಸಿದಾಗ ಅನೇಕರಲ್ಲಿ ರಕ್ತದೊತ್ತಡ ಕಡಿಮೆಯೇ ಇರುತ್ತದೆ, ಹಾಗಿದ್ದ ಮೇಲೆ ಅಧಿಕ ಒತ್ತಡ ಕಾರಣವಾಗುವುದು ಹೇಗೆ ಎಂದು ಕೇಳುವುದುಂಟು. ರೋಗ ಹೊರಗೆ ಕಾಣಿಸುವ ಮೊದಲೇ ದೇಹತೂಕ ಇಳಿಯುತ್ತದೆ, ಒತ್ತಡವನ್ನು ನಿಯಂತ್ರಿಸುವ ಮಿದುಳಿನ ಭಾಗಗಳೂ ಸವೆಯುತ್ತವೆ. ಎಂಬತ್ತರಲ್ಲಿ ಕಾಣುವ ಕಡಿಮೆ ಒತ್ತಡ ಹಲವೊಮ್ಮೆ ರೋಗದ ಫಲ. ನಲವತ್ತೈದು–ಐವತ್ತರ ಅಳತೆ ದಾಖಲೆಯಲ್ಲಿ ಇಲ್ಲದೆ ಹೋದರೆ ಈ ಸತ್ಯ ಕಣ್ಣಿಗೆ ಬೀಳುವುದೇ ಇಲ್ಲ.

ಅವಲೋಕನದಿಂದ ಸಂಬಂಧವಷ್ಟೇ ತಿಳಿಯುತ್ತದೆ, ಕಾರಣ ತಿಳಿಯುವುದಿಲ್ಲ ಎಂಬ ಆಕ್ಷೇಪಣೆ ಇನ್ನೂ ಗಂಭೀರವಾದುದು. ಇದಕ್ಕೆ ಉತ್ತರ ಚಿಕಿತ್ಸಾ ಪ್ರಯೋಗಗಳಿಂದಲೇ ಬರಬೇಕು. 1998ರಲ್ಲಿ ಪ್ರಕಟವಾದ ಯುರೋಪಿನ ಪ್ರಯೋಗವೊಂದರಲ್ಲಿ, 60 ದಾಟಿದ 2,418 ಮಂದಿಯಲ್ಲಿ ಚಿಕಿತ್ಸೆ ಪಡೆದವರಿಗೆ ಡಿಮೆನ್ಶಿಯಾ ಅರ್ಧದಷ್ಟಾಯಿತು. ಆದರೆ ಒಟ್ಟು ಪ್ರಕರಣಗಳೇ ಕೆಲವಿದ್ದುದರಿಂದ ಆ ಅರ್ಧವನ್ನು ಅಕ್ಷರಶಃ ನಂಬುವಂತಿಲ್ಲ. ಎಂಬತ್ತು ದಾಟಿದವರ ಮೇಲಿನ 2008ರ ಪ್ರಯೋಗದಲ್ಲಿ ಸ್ಪಷ್ಟ ಲಾಭ ಸಿಗಲಿಲ್ಲ. ಅಮೆರಿಕದ ಸ್ಪ್ರಿಂಟ್ ಮೈಂಡ್ ಪ್ರಯೋಗದಲ್ಲಿ 50 ದಾಟಿದ 9,361 ಮಂದಿಯನ್ನು ಎರಡು ಪಾಲು ಮಾಡಿ, ಒಂದು ಗುಂಪಿನ ಮೇಲಿನ ಅಂಕಿಯನ್ನು 120ಕ್ಕಿಂತ, ಇನ್ನೊಂದರದನ್ನು 140ಕ್ಕಿಂತ ಕೆಳಗಿಡಲಾಯಿತು. 2019ರ ಅದರ ವರದಿಯಂತೆ, ಹೆಚ್ಚು ಇಳಿಸಿದವರಲ್ಲಿ ಸೌಮ್ಯ ಅರಿವಿನ ಕೊರತೆ ನೂರಕ್ಕೆ 19ರಷ್ಟು ಕಡಿಮೆಯಾಯಿತು. ಡಿಮೆನ್ಶಿಯಾ 17ರಷ್ಟು ಕಡಿಮೆ ಕಂಡರೂ ಆ ವ್ಯತ್ಯಾಸ ಆಕಸ್ಮಿಕವಲ್ಲವೆಂದು ಹೇಳಲು ಸಂಖ್ಯಾಶಾಸ್ತ್ರದ ಬಲ ಸಾಲಲಿಲ್ಲ. ಹೃದಯ–ರಕ್ತನಾಳದ ಅವಘಡಗಳು ಮತ್ತು ಸಾವು ಎದ್ದು ಕಾಣುವಂತೆ ತಗ್ಗಿದ್ದರಿಂದ ಚಿಕಿತ್ಸೆಯ ಹಂತವನ್ನು ಸುಮಾರು ಮೂರು ವರ್ಷ ನಾಲ್ಕು ತಿಂಗಳಿಗೇ ನಿಲ್ಲಿಸಲಾಗಿತ್ತು. ಹತ್ತಿಪ್ಪತ್ತು ವರ್ಷ ತೆಗೆದುಕೊಳ್ಳುವ ಕಾಯಿಲೆಯನ್ನು ಮೂರು ವರ್ಷದ ಚಿಕಿತ್ಸೆಯಿಂದ ತೂಗುವಾಗ ತಕ್ಕಡಿ ಅಲ್ಲಾಡುವುದು ಸಹಜ. 2020ರಲ್ಲಿ 14 ಪ್ರಯೋಗಗಳ 96,158 ಮಂದಿಯ ಮಾಹಿತಿಯನ್ನು ಒಟ್ಟುಗೂಡಿಸಿದಾಗ, ಸುಮಾರು ನಾಲ್ಕು ವರ್ಷಗಳಲ್ಲಿ ಚಿಕಿತ್ಸೆ ಪಡೆದವರ ಪೈಕಿ ನೂರಕ್ಕೆ 7.0 ಮಂದಿಗೂ ಪಡೆಯದವರ ಪೈಕಿ 7.5 ಮಂದಿಗೂ ಡಿಮೆನ್ಶಿಯಾ ಅಥವಾ ಅರಿವಿನ ಕೊರತೆ ಉಂಟಾದದ್ದು ಕಂಡುಬಂತು. ವ್ಯತ್ಯಾಸ ಸಣ್ಣದು, ಆದರೆ ನಿಜವಾದುದು.

ಬಯಲುಸೀಮೆಯ ತಾಲ್ಲೂಕುಗಳ ಮಟ್ಟಿಗೆ ಇವೆಲ್ಲಕ್ಕಿಂತ ಮಹತ್ವದ ಪ್ರಯೋಗ ಚೀನಾದ ಹಳ್ಳಿಗಳದ್ದು. 326 ಹಳ್ಳಿಗಳಲ್ಲಿ ಹತೋಟಿಗೆ ಬಾರದ ರಕ್ತದೊತ್ತಡವಿದ್ದ, 40 ದಾಟಿದ 33,995 ಮಂದಿಯನ್ನು ಅದರಲ್ಲಿ ಸೇರಿಸಿಕೊಳ್ಳಲಾಗಿತ್ತು. ಅರ್ಧದಷ್ಟು ಹಳ್ಳಿಗಳಲ್ಲಿ ಎಂದಿನ ಚಿಕಿತ್ಸೆ ಮುಂದುವರಿಯಿತು. ಉಳಿದ ಹಳ್ಳಿಗಳಲ್ಲಿ ಹಳ್ಳಿಯ ವೈದ್ಯರು ಸರಳ ಕ್ರಮವೊಂದನ್ನು ಹಿಡಿದು ಗುಳಿಗೆ ಕೊಟ್ಟರು, ಪ್ರಮಾಣ ಹೊಂದಿಸಿದರು, ಮನೆಯಲ್ಲೇ ಅಳೆದುಕೊಳ್ಳಲು ಕಲಿಸಿದರು. ಗುರಿ 130/80ಕ್ಕಿಂತ ಕೆಳಗೆ. ಈ ವೈದ್ಯರು ತಜ್ಞರಲ್ಲ, ಮೂಲಭೂತ ತರಬೇತಿ ಪಡೆದವರು. ನಾಲ್ಕು ವರ್ಷಗಳಲ್ಲಿ ಎರಡು ಗುಂಪುಗಳ ನಡುವೆ ಮೇಲಿನ ಅಂಕಿಯಲ್ಲಿ ಸುಮಾರು 22ರ ಅಂತರ ಬಿತ್ತು, ಡಿಮೆನ್ಶಿಯಾ ನೂರಕ್ಕೆ 15ರಷ್ಟು ಕಡಿಮೆಯಾಯಿತು. 2025ರಲ್ಲಿ ಪ್ರಕಟವಾದ ಈ ಫಲಿತಾಂಶದ ಬೆಲೆ ಎರಡು ಕಡೆಯದು: ಡಿಮೆನ್ಶಿಯಾವನ್ನೇ ಅಳೆದು, ಸಂದೇಹಕ್ಕೆ ಎಡೆಯಿಲ್ಲದ ಅಂತರ ತೋರಿಸಿದ್ದು ಒಂದು, ಆಸ್ಪತ್ರೆಯ ಹೊರಗೆ, ಹಳ್ಳಿಯಲ್ಲೇ ಅದನ್ನು ಸಾಧಿಸಿದ್ದು ಇನ್ನೊಂದು. ಅದೇ ವರ್ಷ ಅಮೆರಿಕದ ಹೃದ್ರೋಗ ಸಂಘಗಳ ಹೊಸ ಮಾರ್ಗಸೂಚಿಯಲ್ಲಿ ಮೇಲಿನ ಅಂಕಿಯನ್ನು 130ರ ಕೆಳಗಿಡುವುದನ್ನು ಡಿಮೆನ್ಶಿಯಾ ತಡೆಯ ಕ್ರಮವಾಗಿಯೂ ಶಿಫಾರಸು ಮಾಡಲಾಯಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದೇ ವಿಷಯದಲ್ಲಿ ಪುರಾವೆ ದುರ್ಬಲವೆಂದು ಹೇಳಿ ಷರತ್ತಿನ ಶಿಫಾರಸಷ್ಟೇ ಮಾಡಿತ್ತು.

ಅಪಾಯದ ಪ್ರಮಾಣ

ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಡಿಮೆನ್ಶಿಯಾ ಆಯೋಗದ 2024ರ ವರದಿಯಂತೆ, 14 ಅಪಾಯಾಂಶಗಳನ್ನು ಸರಿಪಡಿಸಿದರೆ ಜಗತ್ತಿನ ಡಿಮೆನ್ಶಿಯಾ ಪ್ರಕರಣಗಳಲ್ಲಿ ನೂರಕ್ಕೆ 45ರಷ್ಟನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯ. ಅದರಲ್ಲಿ ಅಧಿಕ ರಕ್ತದೊತ್ತಡದ ಪಾಲು ಬರೀ 2. ಕಿವುಡು ಮತ್ತು ಕೆಟ್ಟ ಕೊಲೆಸ್ಟರಾಲಿಗೆ ತಲಾ 7, ಶಿಕ್ಷಣದ ಕೊರತೆಗೆ 5. ಇಷ್ಟು ಚಿಕ್ಕ ಪಾಲಿಗೆ ಇಷ್ಟು ಗಮನವೇಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಈ ಲೆಕ್ಕದಲ್ಲಿ ಒಂದರೊಡನೊಂದು ಹೆಣೆದುಕೊಂಡ ಅಂಶಗಳನ್ನು ಬಿಡಿಸಿ, ಪ್ರತಿಯೊಂದರ ಪಾಲನ್ನು ತಗ್ಗಿಸಿ ಹೇಳಲಾಗುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. ಎರಡನೆಯದಾಗಿ, ಕೂಡ್ಲಿಗಿಯಲ್ಲೋ ಹರಪನಹಳ್ಳಿಯಲ್ಲೋ ಈಗ ಅರವತ್ತೈದು ದಾಟಿದ ಹೆಂಗಸು ಚಿಕ್ಕಂದಿನಲ್ಲಿ ಕಲಿಯದೆ ಹೋದ ಶಾಲೆಯನ್ನು ಯಾವ ಆರೋಗ್ಯ ಇಲಾಖೆಯೂ ಹಿಂದಕ್ಕೆ ತಂದುಕೊಡಲಾರದು. ಆದರೆ ಅವಳ ನಲವತ್ತೈದರ ಮಗನ ರಕ್ತದೊತ್ತಡವನ್ನು ಈ ತಿಂಗಳಿನಿಂದಲೇ ಇಳಿಸಬಹುದು. ಅದಕ್ಕೆ ಬೇಕಾದ ಅಮ್ಲೋಡಿಪಿನ್, ಟೆಲ್ಮಿಸಾರ್ಟಾನ್ ಗುಳಿಗೆಗಳು ಅಗ್ಗದವು, ಅಳೆಯುವ ಯಂತ್ರ ಉಪಕೇಂದ್ರದಲ್ಲಿರುವಂಥದ್ದು. ಗುಳಿಗೆ ನುಂಗಿದ್ದರಿಂದ ಲಕ್ವ, ಹೃದಯಾಘಾತ, ಕಿಡ್ನಿ ವೈಫಲ್ಯ ತಪ್ಪುವ ಲಾಭ ಹೇಗೂ ಇದೆ. ಮಿದುಳಿನ ಲಾಭ ಅದರ ಮೇಲಿನದು. ಅಪಾಯಾಂಶಗಳ ಪಟ್ಟಿಯಲ್ಲಿ ಇಷ್ಟು ಖಚಿತ ಚಿಕಿತ್ಸೆಯಿರುವಂಥದ್ದು ಅಪರೂಪ.

ಹಳ್ಳಿಗಳಲ್ಲಿ ಡಿಮೆನ್ಶಿಯಾ ವಿರಳ, ಅದು ಪಟ್ಟಣದವರ ಚಿಂತೆ ಎಂಬ ಮಾತೂ ಇತ್ತು. ಹರಿಯಾಣದ ಬಲ್ಲಭಗಢದ ಹಳ್ಳಿಗಳಿಂದ 1998ರಲ್ಲಿ ಬಂದ ವರದಿಯಲ್ಲಿ 65 ದಾಟಿದವರ ಪೈಕಿ ನೂರಕ್ಕೆ 1.36 ಮಂದಿಗಷ್ಟೇ ಡಿಮೆನ್ಶಿಯಾ ಕಂಡಿತ್ತು. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಂದಾಜಿನಲ್ಲಿ 60 ದಾಟಿದವರ ಪೈಕಿ ಈ ಪ್ರಮಾಣ 7.4. ಅಂದರೆ ದೇಶದಲ್ಲಿ ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಹೆಚ್ಚು. ಎರಡು ಅಧ್ಯಯನಗಳ ಪರೀಕ್ಷಾ ವಿಧಾನ ಬೇರೆಯಾದುದರಿಂದ ಒಂದರ ಪಕ್ಕ ಒಂದನ್ನಿಟ್ಟು ಏರಿಕೆಯ ಲೆಕ್ಕ ಹಾಕಬಾರದು. ಹಳ್ಳಿಯ ಮನೆಯಲ್ಲಿ ಅಜ್ಜಿಗೆ ಲೆಕ್ಕಪತ್ರದ ಹೊಣೆಯಾಗಲಿ ಒಬ್ಬಳೇ ಊರು ದಾಟುವ ಪ್ರಸಂಗವಾಗಲಿ ಇಲ್ಲದಾಗ ಕುಸಿತ ತಡವಾಗಿ ಗೊತ್ತಾಗುತ್ತದೆ ಎಂಬುದನ್ನಂತೂ ಮರೆಯುವಂತಿಲ್ಲ.

ಪರೀಕ್ಷೆಯ ತೊಡಕು

ಡಿಮೆನ್ಶಿಯಾ ಪತ್ತೆಗೆ ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಪರೀಕ್ಷೆಗಳಲ್ಲಿ ಇಸವಿ ಹೇಳುವುದು, ವಾಕ್ಯ ಬರೆಯುವುದು, ನೂರರಿಂದ ಏಳೇಳು ಕಳೆಯುವುದು, ಚಿತ್ರ ನಕಲು ಮಾಡುವುದು ಸೇರಿವೆ. ಓದುಬರಹ ಕಲಿಯದವರು ಇಲ್ಲಿ ಮಿದುಳು ಚೆನ್ನಾಗಿದ್ದರೂ ಸೋಲುತ್ತಾರೆ. ಬಲ್ಲಭಗಢದ ಅಧ್ಯಯನಕ್ಕಾಗಿಯೇ ಅನಕ್ಷರಸ್ಥರಿಗೆ ಹೊಂದುವ ಹಿಂದಿ ಪರೀಕ್ಷೆಯೊಂದನ್ನು 1990ರ ದಶಕದಲ್ಲಿ ರೂಪಿಸಲಾಗಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇತ್ತೀಚೆಗೆ ಸಿದ್ಧಪಡಿಸಿದ ಅರಿವಿನ ಪರೀಕ್ಷೆಗಳ ಗುಚ್ಛ ಕನ್ನಡ, ತೆಲುಗು, ಮಲಯಾಳಂ, ಹಿಂದಿ, ಬಂಗಾಳಿ ಎಂಬ ಐದು ಭಾಷೆಗಳಲ್ಲಿದೆ. ಭಾಷೆ ಬದಲಾದರಷ್ಟೇ ಸಾಲದು. ತಾರೀಖು ಗೊತ್ತಿಲ್ಲದವರಿಗೂ ಸಂತೆಯ ವಾರ, ಅಮಾವಾಸ್ಯೆ, ಮುಂಗಾರಿ ಬಿತ್ತನೆ, ಕೊಟ್ಟೂರೇಶ್ವರನ ತೇರು, ಮೈಲಾರದ ಜಾತ್ರೆ ಯಾವಾಗ ಎಂಬುದು ಗೊತ್ತಿರುತ್ತದೆ. ಕಾಲಜ್ಞಾನವನ್ನು ಅಳೆಯುವ ಪ್ರಶ್ನೆ ಅಲ್ಲಿಂದ ಹೊರಟರೆ ನಿಜವಾದ ಕುಸಿತ ಸಿಗುತ್ತದೆ. ಮನೆಯವರನ್ನು ಕೇಳುವ ಪ್ರಶ್ನೆಗಳೂ ಹಾಗೆಯೇ: ಅಡುಗೆಗೆ ಉಪ್ಪು ಎರಡು ಸಲ ಬೀಳುತ್ತಿದೆಯೇ, ರೊಟ್ಟಿ ತಟ್ಟುವ ಕ್ರಮ ತಪ್ಪಿದೆಯೇ, ಹೊಲದಿಂದ ಮನೆಗೆ ಬರುವ ದಾರಿ ಮರೆತಿದ್ದುಂಟೇ, ಹಣ ಎಣಿಸುವಾಗ ಗೊಂದಲವಾಗುತ್ತಿದೆಯೇ. ತೈರಾಯ್ಡ್ ಕೊರತೆ, ಬಿ12 ಜೀವಸತ್ವದ ಕೊರತೆ, ಖಿನ್ನತೆ, ಕಿವಿ ಮಂದವಾಗುವುದು ಇವೂ ಮರೆವಿನಂತೆ ತೋರುವುದರಿಂದ ಮೊದಲು ಅವನ್ನು ನೋಡಿಕೊಳ್ಳಬೇಕು. ಇವು ಚಿಕಿತ್ಸೆಗೆ ಬಗ್ಗುವಂಥವು.

ಕರ್ನಾಟಕದ ಅಧ್ಯಯನಗಳು ಮತ್ತು ಕಾರ್ಯಕ್ರಮಗಳು

ಗ್ರಾಮೀಣರ ಮಿದುಳಿನ ಮುಪ್ಪನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸಿ ನೋಡುವ ಅಧ್ಯಯನ 2018ರಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಇದನ್ನು ಕೈಗೊಂಡಿದೆ. ಕೇಂದ್ರದ ಸ್ಥಾಪಕ ನಿರ್ದೇಶಕಿ ವಿಜಯಲಕ್ಷ್ಮಿ ರವೀಂದ್ರನಾಥ್. 45 ದಾಟಿದ 10,000 ಹಳ್ಳಿಗರ ರಕ್ತದೊತ್ತಡ, ರಕ್ತಪರೀಕ್ಷೆ, ಅರಿವಿನ ಪರೀಕ್ಷೆ, ಎಂ.ಆರ್.ಐ. ಚಿತ್ರ, ವಂಶವಾಹಿ ಮಾಹಿತಿಗಳನ್ನು ಸಂಗ್ರಹಿಸುವುದು ಇದರ ಗುರಿ. ಪಶ್ಚಿಮದ ದೇಶಗಳ ಅಂಕಿಅಂಶಗಳನ್ನು ಇಲ್ಲಿಗೆ ಎರವಲು ತಂದು ಮಾತನಾಡುವ ಸ್ಥಿತಿ ಬದಲಾಗುವುದು ಇಂಥ ದೀರ್ಘ ಅಧ್ಯಯನಗಳಿಂದಲೇ. ಬೆಂಗಳೂರಿನ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ನಿಮ್ಹಾನ್ಸ್, ರಾಜ್ಯ ಆರೋಗ್ಯ ಇಲಾಖೆ ಮತ್ತು ನೀತಿ ಆಯೋಗ ಸೇರಿ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮ ಡಿಮೆನ್ಶಿಯಾ, ಪಾರ್ಶ್ವವಾಯು, ಮೂರ್ಛೆರೋಗ, ತಲೆನೋವುಗಳ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ತರಬೇತಿ ಕೊಡುತ್ತದೆ. ಬೆಂಗಳೂರಿನ ಜಯನಗರ, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಮೊದಲು ತೆರೆದ ಅದರ ಚಿಕಿತ್ಸಾಲಯಗಳನ್ನು ಬಳಿಕ ಬೇರೆ ಜಿಲ್ಲೆಗಳಿಗೂ ವಿಸ್ತರಿಸಲಾಯಿತು. 2024ರಲ್ಲಿ ಕೋಲಾರದಲ್ಲಿ ಚಾಲನೆ ಪಡೆದ ಗೃಹ ಆರೋಗ್ಯ ಯೋಜನೆಯಡಿ ಆಶಾ ಕಾರ್ಯಕರ್ತೆ ಮತ್ತು ಆರೋಗ್ಯ ಸಿಬ್ಬಂದಿ 30 ದಾಟಿದವರ ಬಿ.ಪಿ., ಸಕ್ಕರೆ ಕಾಯಿಲೆಗಳನ್ನು ಮನೆಬಾಗಿಲಿನಲ್ಲೇ ತಪಾಸಣೆ ಮಾಡುತ್ತಾರೆ.

ಈ ಅಧ್ಯಯನ ಮತ್ತು ಕಾರ್ಯಕ್ರಮಗಳೆಲ್ಲ ಹೊಸವು. ಬಳ್ಳಾರಿಯ ಪ್ರಯೋಗ ಹಳೆಯದು, ಹಾಗೆಯೇ ಹೆಚ್ಚು ಪಾಠ ಕಲಿಸುವಂಥದ್ದು. 1985ರಿಂದ 1990ರವರೆಗೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಮತ್ತು ಮೂರ್ಛೆರೋಗ ಗುರುತಿಸುವ ತರಬೇತಿ ಕೊಟ್ಟಿತು. ಬೇಕಾದ ಕೆಲವೇ ಔಷಧಗಳು ಕೇಂದ್ರದಲ್ಲೇ ದೊರೆಯುವಂತೆ ಮಾಡಿತು, ಸರಳ ದಾಖಲೆ ಇಡಿಸಿತು, ಜಿಲ್ಲಾ ಮಟ್ಟದ ತಂಡದಿಂದ ಬೆಂಬಲ ಒದಗಿಸಿತು. ಬೆಂಗಳೂರಿಗೋ ಧಾರವಾಡಕ್ಕೋ ಹೋಗಬೇಕಾಗಿದ್ದ ರೋಗಿ ತನ್ನ ಹೋಬಳಿಯಲ್ಲೇ ಗುಳಿಗೆ ಪಡೆಯುವಂತಾಯಿತು. ಬಳ್ಳಾರಿ ಮಾದರಿ ಎಂದು ಹೆಸರಾದ ಇದರ ಆಧಾರದ ಮೇಲೆ 1996ರಲ್ಲಿ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಆಗ ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿನ ಭಾಗವಾಗಿತ್ತು. ಹರಪನಹಳ್ಳಿಯೂ ಬಳ್ಳಾರಿಯಲ್ಲೇ ಇತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ಎರಡು ದಶಕಗಳ ಬಳಿಕ ಬಳ್ಳಾರಿಗೆ ಮರಳಿ, ಈಗ ವಿಜಯನಗರದಲ್ಲಿದೆ. ತರಬೇತಿ, ಕೆಲವೇ ಔಷಧ, ದಾಖಲೆ, ಮೇಲಿನಿಂದ ಬೆಂಬಲ ಎಂಬ ಈ ನಾಲ್ಕು ಅಂಗಗಳೇ ಚೀನಾದ ಹಳ್ಳಿಗಳ ಪ್ರಯೋಗದಲ್ಲಿಯೂ ಕಾಣುತ್ತವೆ. 2017ರಲ್ಲಿ ಆರಂಭವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮವೂ ಇದೇ ಚೌಕಟ್ಟಿನದು. ಕಾಯಿಲೆ ಬೇರೆ, ದುಡಿಮೆಯ ವಿಧಾನ ಒಂದೇ.

ಐದು ತಾಲ್ಲೂಕುಗಳ ಸ್ಥಿತಿ

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15 ದಾಟಿದ ಹೆಂಗಸರಲ್ಲಿ ನೂರಕ್ಕೆ 21, ಗಂಡಸರಲ್ಲಿ 24 ಮಂದಿಗೆ ಅಧಿಕ ರಕ್ತದೊತ್ತಡವಿದೆ. ಅದನ್ನು ಒಮ್ಮೆ ಪತ್ತೆಹಚ್ಚುವುದಕ್ಕಿಂತ ಇಪ್ಪತ್ತು ವರ್ಷ ಬಿಡದೆ ಗುಳಿಗೆ ನುಂಗಿಸುವುದು ಕಷ್ಟ, ಈ ತಾಲ್ಲೂಕುಗಳಲ್ಲಿ ಇನ್ನೂ ಕಷ್ಟ. ಮಳೆ ಕೈಕೊಟ್ಟ ವರ್ಷ ಇಲ್ಲಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮಲೆನಾಡಿನ ಕಾಫಿ ತೋಟಗಳಿಗೆ ಗುಳೆ ಹೋಗುವ ಸಂಸಾರಗಳಲ್ಲಿ ನಲವತ್ತರಿಂದ ಐವತ್ತೈದರ ವಯಸ್ಸಿನವರೇ ಮುಖ್ಯ ದುಡಿಮೆಗಾರರು. ಮಿದುಳಿನ ಹಿತದೃಷ್ಟಿಯಿಂದ ಒತ್ತಡ ಹತೋಟಿಯಲ್ಲಿರಬೇಕಾದ ವಯಸ್ಸೂ ಅದೇ. ಊರಿನ ಉಪಕೇಂದ್ರದಲ್ಲಿ ತಿಂಗಳಿಗೆ ಮೂವತ್ತು ಗುಳಿಗೆ ಕೊಡುವ ಏರ್ಪಾಡು ಅಂಥವರಿಗೆ ಎರಡನೇ ತಿಂಗಳಿಗೇ ಕಡಿದುಹೋಗುತ್ತದೆ. ಹೊರಡುವ ಮುನ್ನ ಮೂರು ತಿಂಗಳ ಗುಳಿಗೆ ಕೊಡುವುದು ಮತ್ತು ಹೋದ ಊರಿನ ಯಾವುದೇ ಸರ್ಕಾರಿ ಆಸ್ಪತ್ರೆಯಲ್ಲಿ ಅದೇ ಚೀಟಿಗೆ ಔಷಧ ಸಿಗುವುದು, ಇವೆರಡು ಆದರೆ ಮಾತ್ರ ಸರಪಳಿ ತುಂಡಾಗದು. ಮನೆಬಾಗಿಲಿನ ತಪಾಸಣೆಗೆ ಹಗಲು ಮನೆಯಲ್ಲಿ ಸಿಗುವವರು ಹೆಚ್ಚಾಗಿ ಮುದುಕರು ಮತ್ತು ಹೆಂಗಸರು. ಹೊಲದಲ್ಲಿರುವ, ಲಾರಿ ಓಡಿಸುವ, ಗಣಿಗೆ ಹೋಗುವ ಗಂಡಸು ಪಟ್ಟಿಯಿಂದ ಹೊರಗುಳಿಯುತ್ತಾನೆ. ಸಂತೆಯ ದಿನ ಸಂತೆಯಲ್ಲೇ, ಈರುಳ್ಳಿ–ಮೆಕ್ಕೆಜೋಳ ಮಾರಾಟದ ಕಾಲದಲ್ಲಿ ಮಾರುಕಟ್ಟೆ ಪ್ರಾಂಗಣದಲ್ಲೇ ಅಳೆದರೆ ಅವನು ಸಿಗುತ್ತಾನೆ.

ಗುಳಿಗೆ ಬಿಡುವುದಕ್ಕೆ ಬೇರೆ ಕಾರಣಗಳೂ ಇವೆ. ಅಧಿಕ ರಕ್ತದೊತ್ತಡ ಬಹುಪಾಲು ಜನರಲ್ಲಿ ಯಾವ ತೊಂದರೆಯನ್ನೂ ತೋರದು. ತಲೆಸುತ್ತು ಬಂದರೆ ಬಿ.ಪಿ., ನಿಂತರೆ ಬಿ.ಪಿ. ಹೋಯಿತು ಎಂಬ ತಿಳಿವಳಿಕೆ ವ್ಯಾಪಕ. ಬೇಸಿಗೆಯಲ್ಲಿ ಒತ್ತಡ ತುಸು ಇಳಿಯುವುದು, ಬೆವರಿ ನೀರಿನಂಶ ಕಡಿಮೆಯಾದಾಗ ಎದ್ದು ನಿಂತರೆ ಕಣ್ಣು ಕತ್ತಲಾಗುವುದು ಈ ಬಿಸಿಲನಾಡಿನಲ್ಲಿ ಸಾಮಾನ್ಯ. ಆಗ ವೈದ್ಯರನ್ನು ಕೇಳಿ ಪ್ರಮಾಣ ತಗ್ಗಿಸಬೇಕಾದಲ್ಲಿ ಜನ ಗುಳಿಗೆಯನ್ನೇ ಬಿಡುತ್ತಾರೆ, ಮಳೆಗಾಲ ಬಂದರೂ ಮತ್ತೆ ಶುರುಮಾಡುವುದಿಲ್ಲ. ಆಹಾರದಲ್ಲಿ ಜೋಳದ ರೊಟ್ಟಿ, ಕಾಳು, ಸೊಪ್ಪು ಹಿತಕರವೇ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ, ಮಂಡಕ್ಕಿ–ಮಿರ್ಚಿಗಳಿಂದ ಉಪ್ಪು ಮಿತಿ ಮೀರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ, ಹೆಚ್ಚುಕಡಿಮೆ ಒಂದು ಟೀ ಚಮಚ. ಚೀನಾದ 600 ಹಳ್ಳಿಗಳಲ್ಲಿ ಅಡುಗೆ ಉಪ್ಪಿನ ಕಾಲು ಭಾಗವನ್ನು ಪೊಟ್ಯಾಸಿಯಂ ಉಪ್ಪಿಗೆ ಬದಲಿಸಿದಾಗ ಪಾರ್ಶ್ವವಾಯು ನೂರಕ್ಕೆ 14ರಷ್ಟು ತಗ್ಗಿದ್ದು 2021ರಲ್ಲಿ ವರದಿಯಾಗಿದೆ; ಕಿಡ್ನಿ ಕಾಯಿಲೆ ಇರುವವರಿಗೆ ಮಾತ್ರ ಇದು ತಕ್ಕುದಲ್ಲ. ತಂಬಾಕು, ಗುಟ್ಕಾ, ಹೆಂಡ ಒತ್ತಡದ ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತವೆ.

ಎಂಬತ್ತು ದಾಟಿದವರ, ನಡೆದಾಡಲಾಗದಷ್ಟು ಬಲಗುಂದಿದವರ, ಈಗಾಗಲೇ ಡಿಮೆನ್ಶಿಯಾ ಆಗಿರುವವರ ಚಿಕಿತ್ಸೆಗೆ ನಡುವಯಸ್ಸಿನ ಗುರಿಯನ್ನು ಹಾಗೆಯೇ ಅನ್ವಯಿಸುವುದು ತಪ್ಪು. ಅವರಲ್ಲಿ ಕುಳಿತಾಗಲೂ ನಿಂತಾಗಲೂ ಅಳೆದು, ಬೀಳುವ ಅಪಾಯವನ್ನು ತೂಗಿ, ಔಷಧವನ್ನು ಸಣ್ಣ ಪ್ರಮಾಣದಿಂದ ಆರಂಭಿಸಬೇಕು. ಆಗಿಹೋದ ಹಾನಿಯನ್ನು ಗುಳಿಗೆ ಸರಿಪಡಿಸದು. ಮತ್ತೊಂದು ಲಕ್ವವನ್ನು ತಡೆದು ಇರುವ ಸಾಮರ್ಥ್ಯವನ್ನು ಉಳಿಸಬಲ್ಲದು. ಮರೆವಿರುವವರು ಗುಳಿಗೆ ನುಂಗಿದ್ದನ್ನೇ ಮರೆತು ಮತ್ತೆ ನುಂಗುವ ಸಂಭವವಿರುವುದರಿಂದ ಔಷಧದ ಡಬ್ಬಿ ಮನೆಯ ಬೇರೊಬ್ಬರ ಕೈಯಲ್ಲಿರಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ನಿರ್ಧರಿಸಲಾಗದ ಪ್ರಕರಣಗಳಿಗೆ ಈ ಭಾಗದವರು ಬಳ್ಳಾರಿಯ ವೈದ್ಯಕೀಯ ಸಂಸ್ಥೆಗೆ, ಹರಪನಹಳ್ಳಿ ಕಡೆಯವರು ದಾವಣಗೆರೆಗೆ, ಹಡಗಲಿಯ ಕೆಲವರು ಹುಬ್ಬಳ್ಳಿ–ಧಾರವಾಡಕ್ಕೆ ಹೋಗುತ್ತಾರೆ. ಹೋಗುವಾಗ ಹಿಂದಿನ ವರ್ಷಗಳ ಬಿ.ಪಿ. ಚೀಟಿಗಳನ್ನು ಜೊತೆಗೆ ಒಯ್ದರೆ, ಒತ್ತಡ ಎಂದಿನಿಂದ ಏರಿತ್ತು ಮತ್ತು ಯಾವಾಗಿನಿಂದ ಇಳಿಯುತ್ತ ಬಂತು ಎಂಬುದು ಅಲ್ಲಿನ ವೈದ್ಯರಿಗೆ ತಿಳಿಯುತ್ತದೆ.